ಎಣಿಸಿದವನ ಕೈ

ಪ್ಲಾಸಿಗೆ ಯಾರಿಗೂ ಇಲ್ಲ ಅನ್ನಲು ಬರುತ್ತಿರಲಿಲ್ಲ. ಅವತ್ತಿನ ಎಡವಟ್ಟಿಗೆಲ್ಲ ಅದೇ ಮೂಲ. ಇಪ್ಪತ್ತಾರು ಚಳಿಗಾಲ ಸ್ಕೀ ಲಿಫ್ಟಿನ ಬುಡದಲ್ಲಿ ನಿಂತು, ಹಿಮದಲ್ಲಿ ಜಾರಲು ಬಂದವರನ್ನೆಲ್ಲ ತಂತಿಗೆ ತೂಗುವ ಕುರ್ಚಿಗೆ ಕೂರಿಸಿ ಮೇಲಕ್ಕೆ ಕಳಿಸಿದವನು. ಯಾರು ಏನು ಹೇಳಿದರೂ ಹೂಂ ಅಂತ ತಲೆಯಾಡಿಸುವುದು ಅವನಿಗೆ ಉಸಿರಾಟದಷ್ಟು ಸಲೀಸಾಗಿತ್ತು.

ಆ ಭಾನುವಾರ ಮಧ್ಯಾಹ್ನ ಊರಸಭೆ. ಪ್ರಾಸುರಾ ಇಳಿಜಾರಿನ ತುದಿಯವರೆಗೆ ಹೊಸ ಲಿಫ್ಟ್ ಹಾಕಬೇಕೋ ಬೇಡವೋ ಅಂತ ಕೈಯೆತ್ತಿ ತೀರ್ಮಾನಿಸಬೇಕಿತ್ತು. ಆಲ್ಪ್ಸಿನ ಆ ಕಣಿವೆಯಲ್ಲಿ ಯಾರ ಸ್ಕೀ ಗೆರೆಯೂ ಬೀಳದೆ ಉಳಿದಿದ್ದ ಇಳಿಜಾರು ಅದೊಂದೇ. ಪ್ಲಾಸಿಯೂ ಅವನ ಹೆಂಡತಿ ಓನಾಳೂ ಪ್ರತಿ ಬೇಸಗೆ ಅಲ್ಲಿ ಹುಲ್ಲು ಕೊಯ್ಯುತ್ತಿದ್ದರು. ಓನಾ ತೀರಿಕೊಂಡು ಆರು ವರ್ಷವಾಯಿತು. ಅವಳು ಬೆನ್ನು ಒರಗಿಸಿ ದಣಿವಾರಿಸಿಕೊಳ್ಳುತ್ತಿದ್ದ ಕಲ್ಲು ಮಾತ್ರ ಅಲ್ಲೇ ಇತ್ತು. ಹಿಮ ಕರಗಿದ ಮೊದಲ ದಿನ ಪ್ಲಾಸಿ ಹತ್ತಿ ಹೋಗಿ ಆ ಕಲ್ಲಿನ ಮೇಲೆ ಕೂರುತ್ತಿದ್ದ. ಚೀಸನ್ನು ಎರಡು ತುಂಡು ಮಾಡಿ, ಒಂದನ್ನು ಪಕ್ಕದಲ್ಲಿಟ್ಟು, ಸ್ವಲ್ಪ ಹೊತ್ತು ಕಾದು, ಕೊನೆಗೆ ಎರಡನ್ನೂ ತಾನೇ ತಿಂದು ಇಳಿಯುತ್ತಿದ್ದ. ವರ್ಷವಿಡೀ ಅವನ ಜೀವ ಆ ಒಂದು ದಿನಕ್ಕೆ ಹಾತೊರೆಯುತ್ತಿತ್ತು.

ಬೆಳಿಗ್ಗೆ ಲಿಫ್ಟಿನ ಯಜಮಾನ ಬಾಲ್ಜರ್ ಸಿಕ್ಕಿ, ಹೊಸ ಲಿಫ್ಟ್ ಬಂದರೆ ಊರಿನ ಮಕ್ಕಳಿಗೆಲ್ಲ ಕೆಲಸ ಸಿಗುತ್ತದೆ, ನಿನ್ನ ಕೈ ನಮ್ಮ ಕಡೆಗೆ ತಾನೆ ಅಂದ. ಪ್ಲಾಸಿ ತಲೆಯಾಡಿಸಿದ. ಚರ್ಚಿನ ಬಾಗಿಲಲ್ಲಿ ಚೀಸ್ ಮಾಡುವವರ ಗುಂಪು ಅಡ್ಡಗಟ್ಟಿ, ಹುಲ್ಲುಗಾವಲು ಹೋದರೆ ಹಸುಗಳು ಹಿಮ ಮೇಯಬೇಕೇ, ನೀನು ನಮ್ಮ ಕಡೆ ತಾನೆ ಅಂತ ಕೇಳಿತು. ಅವರಿಗೂ ತಲೆಯಾಡಿಸಿದ. ಸಭೆಯ ಅಧ್ಯಕ್ಷ, ಮುದುಕ ಗಿಯೇರಿ ಮಾತ್ರ ಅವನ ಭುಜ ತಟ್ಟಿ ಮೆಲ್ಲಗೆ ಹೇಳಿದ.

"ಎರಡೂ ಕಡೆ ಸಮ ಬಂದ್ರೆ ಕೊನೇ ಓಟು ನಂದು ಕಣೋ. ನಾನಿರೋವರ್ಗೂ ಪ್ರಾಸುರಾಗೆ ಕಂಬ ನೆಡೋಕೆ ಬಿಡಲ್ಲ."

ಪ್ಲಾಸಿಯ ಎದೆ ಹಗುರವಾಯಿತು.

ಸಭೆಯಲ್ಲಿ ಕೈ ಎಣಿಸಲು ಇಬ್ಬರು ಬೇಕಾದರು. ಎರಡೂ ಗುಂಪಿನವರು ಪ್ಲಾಸಿಯ ಹೆಸರನ್ನೇ ಕೂಗಿದರು. ಎರಡು ಕಡೆಗೂ ಅವನು ನಮ್ಮವನು ಅಂತ ಧೈರ್ಯ. ಇನ್ನೊಬ್ಬಳು ಹೋಟೆಲಿನ ಬಾರ್ಲಾ. ಎಡಗಡೆಯ ಬೆಂಚುಗಳು ಅವನಿಗೆ, ಬಲಗಡೆಯವು ಅವಳಿಗೆ. ವೇದಿಕೆಯ ಮೂಲೆಯಲ್ಲಿ ಗುಮಾಸ್ತ ಫ್ಲೂರಿನ್ ಬಗ್ಗಿಕೊಂಡು ನಡಾವಳಿ ಬರೆಯುತ್ತಿದ್ದ. ಹನ್ನೊಂದು ವರ್ಷದಿಂದ ಸಭೆಯಲ್ಲಿ ಅವನ ದನಿ ಕೇಳಿದವರಿಲ್ಲ.

ಪ್ಲಾಸಿ ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಪೆನ್ಸಿಲು ಹಿಡಿದು ಬೆವರುತ್ತ ಎಣಿಸಿದ. ಒಬ್ಬ ಮೂಗು ಕೆರೆದುಕೊಳ್ಳಲು ಎತ್ತಿದ ಕೈಯನ್ನೂ ಸೇರಿಸಿ, ಮತ್ತೆ ಮೊದಲಿನಿಂದ ಎಣಿಸಬೇಕಾಯಿತು. ಎರಡೂ ಚೀಟಿ ಕೂಡಿಸಿದಾಗ ಲಿಫ್ಟ್ ಬೇಕು ಅಂದವರು ಎಂಬತ್ತೇಳು, ಬೇಡ ಅಂದವರೂ ಎಂಬತ್ತೇಳು.

ಗಿಯೇರಿ ನಿಧಾನವಾಗಿ ಎದ್ದು ಕನ್ನಡಕ ಸರಿಪಡಿಸಿಕೊಂಡ. ಇನ್ನೊಂದು ಮಾತಿಗೆ ಎಲ್ಲ ಮುಗಿಯುತ್ತಿತ್ತು. ಅಷ್ಟರಲ್ಲಿ ಪ್ಲಾಸಿ ತನ್ನ ಕೈ ನೋಡಿಕೊಂಡ. ಎಲ್ಲರ ಕೈ ಎಣಿಸುವ ಭರದಲ್ಲಿ ತನ್ನದನ್ನು ಎತ್ತಿರಲೇ ಇಲ್ಲ. ಓನಾಳ ಕಲ್ಲು ಉಳಿಯುತ್ತದೆ, ಆದರೆ ಅದಕ್ಕಾಗಿ ತಾನು ಕೈಯೆತ್ತಲಿಲ್ಲ ಅನ್ನುವ ಸಂಕಟ ತಡೆಯಲಾಗಲಿಲ್ಲ. ಜನ್ಮದಲ್ಲಿ ಒಂದು ಸಲವಾದರೂ ಇಲ್ಲ ಅನ್ನಬೇಕು ಅನ್ನಿಸಿತು.

"ಅಧ್ಯಕ್ಷರೇ, ನನ್ನ ಕೈ ಲೆಕ್ಕಕ್ಕೆ ಬಂದಿಲ್ಲ. ನಾನು ಬೇಡ ಅಂತೀನಿ."

ಗಿಯೇರಿ ಕಣ್ಣಲ್ಲೇ ಕೂತ್ಕೋ ಅಂದ. ಪ್ಲಾಸಿ ಕೂರಲಿಲ್ಲ. ಫಲಿತಾಂಶ ಇನ್ನೂ ಸಾರಿರಲಿಲ್ಲವಾದ್ದರಿಂದ ನಿಯಮದ ಪ್ರಕಾರ ಅವನ ಓಟು ಸೇರಲೇಬೇಕಿತ್ತು. ಬೇಡ ಅಂದವರು ಎಂಬತ್ತೆಂಟು.

"ಹಾಗಾದ್ರೆ ನಾನೂ ಎಣಿಸ್ತಾ ಇದ್ದೆ, ನಾನೂ ಎತ್ತಿಲ್ಲ. ನಂದು ಬೇಕು ಅಂತ ಬರ್ಕೊಳ್ಳಿ," ಅಂದಳು ಬಾರ್ಲಾ.

ಮತ್ತೆ ಸಮ. ಗಿಯೇರಿ ಅವಸರದಿಂದ ಬಾಯಿ ತೆರೆದ. ಅಷ್ಟರಲ್ಲಿ ಮೂಲೆಯಿಂದ ಯಾರೋ ಕೆಮ್ಮಿದರು. ಹನ್ನೊಂದು ವರ್ಷದ ಮೇಲೆ ಫ್ಲೂರಿನ್ ತಲೆಯೆತ್ತಿದ್ದ.

"ನಾನು ಬರೀತಾ ಇದ್ದೆ ಸ್ವಾಮಿ. ನಂದೂ ಬೇಕು ಅಂತ್ಲೇ."

ಬೇಕು ಅಂದವರು ಎಂಬತ್ತೊಂಬತ್ತು. ಗಿಯೇರಿಯ ಓಟಿಗೆ ಇನ್ನು ಕೆಲಸವಿರಲಿಲ್ಲ. ಅವನು ಕೂತ.

ಮುಂದಿನ ಚಳಿಗಾಲಕ್ಕೆ ಹೊಸ ಲಿಫ್ಟ್ ಓಡಿತು. ಬಾಲ್ಜರ್ ಸೇಡು ತೀರಿಸಿಕೊಳ್ಳುವ ಪೈಕಿಯವನಲ್ಲ. ನಿನಗೆ ಇಷ್ಟವಾದ ಜಾಗವಲ್ಲವೇ ಅಂತ ಪ್ಲಾಸಿಯನ್ನು ಮೇಲಿನ ತುದಿಗೇ ಹಾಕಿದ. ಅವನ ಗೂಡಿನ ಪಕ್ಕದಲ್ಲೇ ಓನಾಳ ಕಲ್ಲು. ಹಿಮ ಗುಡಿಸಿಟ್ಟ ಆ ಕಲ್ಲಿನ ಮೇಲೆ ದಿನವೂ ಇನ್ನೂರು ಜನ ಕೂತು ಬೂಟು ಬಿಗಿದುಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಸ್ವಲ್ಪ ಬಿಡುವು ಸಿಕ್ಕಿತು. ಪ್ಲಾಸಿ ಹೋಗಿ ಕೂತು, ಚೀಸನ್ನು ಎರಡು ತುಂಡು ಮಾಡಿ ಒಂದನ್ನು ಪಕ್ಕದಲ್ಲಿಟ್ಟ. ಕೆಂಪು ಟೋಪಿಯ ಪ್ರವಾಸಿಯೊಬ್ಬ ಸ್ಕೀ ಕಳಚಿ ಅವನ ಪಕ್ಕಕ್ಕೇ ಬಂದು ಕೂತ.

"ಇದು ನನಗಾ?"

ಪ್ಲಾಸಿ ಅವನನ್ನು ನೋಡಿದ. ಕಲ್ಲನ್ನು ನೋಡಿದ. ಆಮೇಲೆ ಹೂಂ ಅಂತ ತಲೆಯಾಡಿಸಿದ.