ಕಲಬುರಗಿಯಲ್ಲಿ ಖಂಡೆಪ್ಪನವರ ಖಾಲಿ ಹೊಟ್ಟೆ

ಕಮಲಾಪುರದ ಬಟ್ಟೆ ಅಂಗಡಿ ಖಂಡೆಪ್ಪನವರಿಗೆ ಸಕ್ಕರೆ ಕಾಯಿಲೆ ಇರುವುದು ಮೂವರಿಗೆ ಮಾತ್ರ ಗೊತ್ತು: ಅವರಿಗೆ, ಅವರ ಹೆಂಡತಿ ನೀಲಗಂಗಮ್ಮನಿಗೆ, ಮತ್ತು ಆ ಪರಮಾತ್ಮನಿಗೆ. (ಡಾಕ್ಟರನ್ನು ಲೆಕ್ಕಕ್ಕೆ ಹಿಡಿಯಬೇಡಿ.) ನಾಲ್ಕನೆಯವರಿಗೆ ಗೊತ್ತಾಗುವಂತಿರಲಿಲ್ಲ. ಬರುವ ಐತವಾರ ಮಗಳು ಅಂಜನಾಳ ನಿಶ್ಚಯ. ಹೆಣ್ಣು ನೋಡಲು ಬಂದಾಗ ಕೋಟನೂರಿನ ಬೀಗರು ಸೂಗಪ್ಪನವರು, "ನಿಮ್ಮ ಮನಿತನದಾಗ ಶುಗರು, ಬಿ.ಪಿ. ಏನರೆ ಅದ ಏನ್ರಿ?" ಎಂದು ಕೇಳಿದ್ದಕ್ಕೆ ಖಂಡೆಪ್ಪನವರು ಎದೆಯುಬ್ಬಿಸಿ, "ಏಳು ತಲಿಮಾರಿನಾಗ ಇಲ್ರಿ" ಎಂದುಬಿಟ್ಟಿದ್ದರು. "ನಮ್ಮಲ್ಲೂ ಇಲ್ರಿ" ಎಂದಿದ್ದರು ಸೂಗಪ್ಪನವರು. ಈಗ ಗುಟ್ಟು ರಟ್ಟಾದರೆ ಕೂಡಿಬಂದ ಸಂಬಂಧ ಮುರಿದಂತೆಯೇ.

ಹಾಗಾಗಿ ಮೂರು ತಿಂಗಳಿಗೊಮ್ಮೆಯ ರಕ್ತಪರೀಕ್ಷೆಗೆ ಅವರು ಊರು ಬಿಟ್ಟು ಕಲಬುರಗಿಗೆ ಬರುತ್ತಿದ್ದರು. ಕಮಲಾಪುರದಲ್ಲಿ ಸೂಜಿ ಚುಚ್ಚಿಸಿಕೊಂಡರೆ ರಕ್ತ ನಿಲ್ಲುವುದರೊಳಗೆ ಸುದ್ದಿ ಬಸ್ ಸ್ಟ್ಯಾಂಡ್ ಮುಟ್ಟಿರುತ್ತದೆ.

ಈ ಸಲವೂ ಗಂಡಹೆಂಡತಿ ಬೆಳಿಗ್ಗೆ ಏಳಕ್ಕೇ ಬಂದು ಸ್ಟೇಶನ್ ಬಜಾರದ ಒಂದು ಲ್ಯಾಬಿನಲ್ಲಿ ಕುಳಿತರು. ಚೀಟಿ ನಂಬರು ಮೂವತ್ತೊಂದು. ಎಂಟಕ್ಕೆ ಕಂಪ್ಯೂಟರು ಕೆಟ್ಟಿತು. ಅದು ಸರಿಹೋದ ಕೂಡಲೇ ಕರೆಂಟು ಹೋಯಿತು. ಕರೆಂಟು ಬರುವ ಹೊತ್ತಿಗೆ ರಕ್ತ ತೆಗೆಯುವ ಮರಿಯಮ್ ಸಿಸ್ಟರ್ ನಾಷ್ಟಾಕ್ಕೆ ಹೋಗಿದ್ದರು. (ಉಪವಾಸ ಕುಳಿತ ಮೂವತ್ತು ಮಂದಿಯ ಕಣ್ಣೆದುರೇ ಹೋದರು.) ರಾತ್ರಿ ತಿಂದ ಒಂದು ರೊಟ್ಟಿ ಖಂಡೆಪ್ಪನವರಿಗೆ ಹಿಂದಿನ ಜನ್ಮದ್ದು ಎನ್ನಿಸತೊಡಗಿತು.

"ಎಲ್ಲಾ ನಿಂದೇ ಹಟ. ಬರೂ ವಾರ ಬಂದಿದ್ರ ಏನಾಗ್ತಿತ್ತು?"

"ಬರೂ ವಾರ ಅಂದ್ರ ನಿಶ್ಚಯದ ಹೋಳಿಗಿ ತಿಂದ ಮ್ಯಾಲ. ಆಗ ಸೂಜಿಗೆ ರಕ್ತ ಬರಂಗಿಲ್ಲ, ಪಾಕ ಬರ್ತದ. ಸುಮ್ಮ ಕುಂದರ್ರಿ."

ಹತ್ತೂವರೆಗೆ "ಇಪ್ಪತ್ತೊಂಬತ್ತು" ಎಂದು ಕೂಗಿದಾಗ ಅವರ ಮೈ ಜುಮ್ಮೆಂದಿತು. ಅಂಗಿಯ ತೋಳು ಮಡಚಿದರು. "ಮೂವತ್ತು" ಎಂದಾಗ ಎದ್ದೇ ನಿಂತರು. ಅದೇ ಗಳಿಗೆಗೆ ಬಾಗಿಲಲ್ಲಿ ಹೆಂಡತಿ ಸಮೇತ ಸೂಗಪ್ಪನವರು ಪ್ರತ್ಯಕ್ಷರಾದರು.

ಮಡಚಿದ ತೋಳು ಸರ್ರನೆ ಇಳಿಯಿತು.

"ಬೀಗರು, ಇಲ್ಲಿ ಹ್ಯಾಂಗ್ರಿ?"

"ಏನಿಲ್ರಿ, ನಮ್ಮ ಓಣಿಯವರದೊಂದು ರಿಪೋರ್ಟ್ ಒಯ್ಯೂದಿತ್ತು. ನೀವು?"

"ನಾವೂ ಏನಿಲ್ರಿ. ಹೊರಗ ಬಿಸಲು ಭಾಳ ಅದ. ಇಲ್ಲಿ ಫ್ಯಾನು ಛಲೋ ತಿರುಗ್ತದ ಅಂತ ಕುಂತಿದ್ವಿ."

"ಮೂವತ್ತೊಂದು" ಎಂದರು ಮರಿಯಮ್. ಯಾರೂ ಮುಂದೆ ಬರಲಿಲ್ಲ. "ಮೂವತ್ತೊಂದು ಯಾರ್ರಿ?"

ಖಂಡೆಪ್ಪನವರು ಚೀಟಿಯನ್ನು ಮುಷ್ಟಿಯೊಳಗೆ ಹಿಸುಕಿ ಸುತ್ತಲೂ ಕಣ್ಣಾಡಿಸಿದರು. "ನಂಬರ್ ತಗೊಂಡು ಎಲ್ಲಿ ಹಾಳಾಗಿ ಹೋಗ್ತಾರೋ, ಎಂಥಾ ಬೇಜವಾಬ್ದಾರಿ ಮಂದಿ ನೋಡ್ರಿ ಬೀಗರ" ಎಂದು ತಮ್ಮನ್ನು ತಾವೇ ಬೈದುಕೊಂಡರು. ಮೂರೂವರೆ ತಾಸಿನ ಘೋರ ತಪಸ್ಸನ್ನು ದಾಟಿಕೊಂಡು ಮೂವತ್ತೆರಡು ಒಳಗೆ ಹೋಯಿತು. ಅವರಿಗೆ ಅಳು ಬಂದಂತಾಯಿತು.

ಬೀಗರು ಸಿಕ್ಕ ಮೇಲೆ ಚಹಾ ಕುಡಿಸದೆ ಕಳಿಸಿದರೆ ಸಾಯುವತನಕ ಮಾತು ಕೇಳಬೇಕು. "ನಡೀರಿ, ಚಾ ಕುಡಿಯೋಣ" ಎಂದರು. ಸೂಗಪ್ಪನವರು ಒಂದು ಕ್ಷಣ ತಡವರಿಸಿ ಹೊರಟರು. ಹೆಂಗಸರು ಬೆಂಚಿನ ಮೇಲೆ ಉಳಿದರು.

ಹೋಟೆಲಿನಲ್ಲಿ ಸಕ್ಕರೆ ಕಡಿಮೆ ಹಾಕು ಎಂದರೆ ಅಲ್ಲಿಗೇ ಮುಗಿಯಿತು. "ನನಗ ಸಕ್ಕರಿ ಜ್ಯಾದಾ" ಎಂದರು ಖಂಡೆಪ್ಪನವರು. "ನನಗೂ ಜ್ಯಾದಾ" ಎಂದರು ಸೂಗಪ್ಪನವರು. ಮೇಲೆ ಪಾಕದಲ್ಲಿ ಅದ್ದಿದ ಮಾಲ್ಪುರಿಯನ್ನೂ ತರಿಸಿದರು. ಖಂಡೆಪ್ಪನವರು ಮರ್ಯಾದೆಗೆಂದು ಒಂದು, ಸಂಶಯ ನಿವಾರಣೆಗೆಂದು ಇನ್ನೊಂದು ತಿಂದರು. ಸೂಗಪ್ಪನವರೂ ಬಿಡದೆ ಎರಡು ತಿಂದರು. ಹದಿನಾಲ್ಕು ತಾಸು ಒಣಗಿದ್ದ ಹೊಟ್ಟೆಗೆ ಪಾಕ ಇಳಿದಾಗ ಆದ ಆನಂದವನ್ನು ಏನೆಂದು ಹೇಳುವುದು.

"ಕಲ್ಲು ತಿಂದು ಕರಗಸೂ ವಂಶ ರೀ ನಮ್ಮದು" ಎನ್ನುತ್ತಲೇ ಖಂಡೆಪ್ಪನವರು ಮರಳಿ ಬಂದರು. ಬಾಗಿಲಲ್ಲೇ ಮರಿಯಮ್ ನಿಂತಿದ್ದರು.

"ಖಂಡೆಪ್ಪ ಕಾಕಾ ನೀವೇ ಏನ್ರಿ? ಒಳಗ ಬರ್ರಿ, ಖಾಲಿ ಹೊಟ್ಟಿ ಶುಗರು. ಸೂಗಪ್ಪ ಕಾಕಾ, ನೀವೂ ಬರ್ರಿ, ನಿಮ್ಮದು ಪ್ರತಿ ತಿಂಗಳದ್ದು. ಇಬ್ಬರದೂ ಕೂಡೇ ತಗೋರಿ ಅಂತ ನಿಮ್ಮ ಮನಿಯವರು ಹೇಳ್ಯಾರ. ಏನೂ ತಿಂದಿಲ್ಲ ಹೌದಲ್ರಿ?"

ಸೂಗಪ್ಪನವರು ಮೆಲ್ಲಗೆ ಮೀಸೆಯ ಪಾಕ ಒರೆಸಿಕೊಂಡರು.

ಬೆಂಚಿನ ಮೇಲೆ ಇಬ್ಬರು ಹೆಂಗಸರೂ ಮಂಡಿಗೆ ಮಂಡಿ ತಾಗಿಸಿ ಕುಳಿತಿದ್ದರು. "ಶುಗರು ಬಂದು ಎಷ್ಟು ವರ್ಷ ಆತು ಅಂತ ಬೀಗತಿ ಕೇಳಿದ್ರು, ಆರು ಅಂದೆ" ಎಂದಳು ನೀಲಗಂಗಮ್ಮ. "ಅವರದು ಒಂಬತ್ತಂತ."

ಬೀಗತಿ ನಗುತ್ತಿದ್ದಳು. ಸಂಬಂಧ ಮುರಿದಿರಲಿಲ್ಲ. ಖಂಡೆಪ್ಪನವರಿಗೆ ಕುಣಿಯಬೇಕೆನ್ನುವಷ್ಟು ಖುಷಿಯಾಯಿತು. ಬೀಗತಿ ಬಾಯಿ ತೆರೆಯುವವರೆಗೆ ಆ ಖುಷಿ ಇತ್ತು.

"ನಾಳಿ ಮುಂಜಾಲಿ ಏಳಕ್ಕ ಇಬ್ಬರೂ ಮತ್ತ ಇಲ್ಲೇ ಬಂದು ಕುಂದರೂದು. ಐತವಾರ ಇಬ್ಬರಿಗೂ ರೊಟ್ಟಿ, ಮೆಂತ್ಯಾ ಪಲ್ಯಾ. ಹೋಳಿಗಿ ಮುಟ್ಟಂಗಿಲ್ಲ. ನಾವಿಬ್ಬರೂ ಕೂಡೇ ಪಕ್ಕಾ ಮಾಡೀವಿ."

ಸೂಗಪ್ಪನವರು ಖಂಡೆಪ್ಪನವರ ಕಿವಿಯ ಹತ್ತಿರ ಬಾಗಿದರು.

"ಬೀಗರ, ಇನ್ನೊಂದೆರಡು ಮಾಲ್ಪುರಿ ತಿಂದೇ ಬರಬೇಕಿತ್ತು ನೋಡ್ರಿ."