ತಯಾರಾಗಿರುವುದರ ಶುಲ್ಕ

ವಿದ್ಯುತ್ ಗ್ರಾಹಕರಿಗೆ ತಮಗೆ ಬೇಕಾದ ಕಂಪೆನಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ದೊರೆತು ಕಳೆದ ವಿಷುವಿಗೆ ಒಂದು ವರ್ಷ ತುಂಬಿತು. ಬದಿಯಡ್ಕದ ಆಸುಪಾಸಿನಲ್ಲಿ ಈಗ ಜ್ಯೋತಿ, ಪ್ರಭೆ, ಕಿರಣ ಎಂಬ ಮೂರು ಕಂಪೆನಿಗಳಿವೆ. ಮೂರಕ್ಕೂ ಕಂಬ ಒಂದೇ, ಸರಿಗೆ ಒಂದೇ, ಲೈನ್‌ಮನ್ ಕೂಸಪ್ಪನೂ ಒಬ್ಬನೇ. ಪೈಪೋಟಿಗೆ ಭಂಗ ಬರಬಾರದೆಂದು ಅವನಿಗೆ ಮೂರು ಬಣ್ಣದ ಟೊಪ್ಪಿ ಕೊಡಲಾಗಿದೆ. ಜ್ಯೋತಿಯ ಗ್ರಾಹಕರಿಗಾಗಿ ಪ್ರಭೆಯ ಟೊಪ್ಪಿ ಹಾಕಿ ಕಂಬ ಹತ್ತಿದರೆ ಆ ದುರಸ್ತಿ ಅಸಿಂಧು. ಇಳಿದು, ಟೊಪ್ಪಿ ಬದಲಿಸಿ, ಮತ್ತೆ ಹತ್ತಬೇಕು.

ಪಂಕಜಾಕ್ಷಿ ಜ್ಯೋತಿಯ ಗ್ರಾಹಕಿ. ಪೇಟೆಯಲ್ಲಿ ಪಿಯುಸ್ ನಡೆಸುವ ಹೋಟೆಲಿಗೆ ದಿನಾ ಎರಡು ಬಕೆಟು ದೋಸೆ ಹಿಟ್ಟು ಗ್ರೈಂಡರಿನಲ್ಲಿ ಕಡೆದು ಕೊಡುವುದು ಅವಳ ಕೆಲಸ. ಮನೆಯ ಒಲೆ ಉರಿಯುತ್ತಿದ್ದುದು ಆ ಗ್ರೈಂಡರಿನಿಂದಲೇ. ಆಟಿ ತಿಂಗಳ ಮಳೆಗಾಳಿಗೆ ಅವಳ ಮನೆಯ ಸರಿಗೆ ಕಂಬದಿಂದ ಕಳಚಿತು. ಕೂಸಪ್ಪ ಅಂದೇ ಬಂದ. ಆದರೆ ಜ್ಯೋತಿಯ ನೀಲಿ ಟೊಪ್ಪಿ ಮಳೆಯಲ್ಲಿ ಒದ್ದೆಯಾಗಿತ್ತು. ಅದು ಒಣಗಲು ಒಂಬತ್ತು ದಿನ ಹಿಡಿಯಿತು. ಅಷ್ಟೂ ದಿನ ಅವನು ಬಂದು ಕಂಬದ ಬುಡದಲ್ಲಿ ನಿಂತು ಮೇಲೆ ನೋಡಿ ಹೋದ, ಪಾಪ.

ಬಿಲ್ಲು ಬಂದಾಗ ಸ್ಥಿರ ಶುಲ್ಕ ಒಂದು ಪೈಸೆಯೂ ಕಡಿಮೆಯಾಗಿರಲಿಲ್ಲ. ಪಂಕಜಾಕ್ಷಿಗೆ ಮೈ ಉರಿಯಿತು. ಬಿಲ್ಲನ್ನು ಮಡಚಿ ಸೆರಗಿಗೆ ಸಿಕ್ಕಿಸಿ, ಬಸ್ಸು ಹತ್ತಿ, ಅಡಿಕೆ ಮಂಡಿಯ ಮೇಲಿನ ಮಹಡಿಯಲ್ಲಿರುವ ವಿದ್ಯುತ್ ತುಲನಾ ಕೇಂದ್ರಕ್ಕೆ ಹೋದಳು. ಅಲ್ಲಿನ ಅಧಿಕಾರಿ ಗಣೇಶಪ್ರಸಾದರು ಮೂವತ್ತು ರೂಪಾಯಿ ರಶೀದಿ ಹರಿದು ತುಲನೆ ಮಾಡಿಕೊಟ್ಟರು. ತಿಂಗಳ ಸ್ಥಿರ ಶುಲ್ಕ ಜ್ಯೋತಿಗೆ ಇನ್ನೂರ ಹತ್ತು, ಪ್ರಭೆಗೆ ಇನ್ನೂರ ಹತ್ತು. ಕಿರಣಕ್ಕೆ ಇನ್ನೂರ ಒಂಬತ್ತು, ಅಗ್ಗದ ಕಂಪೆನಿಯನ್ನು ಆರಿಸಿದ್ದಕ್ಕೆ ಮೇಲೆ ಒಂದು ರೂಪಾಯಿ.

"ಒಂಬತ್ತು ದಿನ ಕರೆಂಟೇ ಇರಲಿಲ್ಲ. ಮತ್ತೆ ಇದು ಎಂತದಕ್ಕೆ?"

"ಸ್ಥಿರ ಶುಲ್ಕ ಕರೆಂಟಿಗಲ್ಲ ಅಕ್ಕ. ಕರೆಂಟು ಕೊಡ್ಲಿಕ್ಕೆ ಕಂಪೆನಿ ತಯಾರಾಗಿ ಇರ್ತದಲ್ಲ, ಅದಕ್ಕೆ."

"ನಾನು ಎಂತ ಮಲಗಿದ್ದೆನಾ? ಅಕ್ಕಿ ನೆನೆಹಾಕಿ, ಗ್ರೈಂಡರಿಗೆ ತುಂಬಿಸಿ, ಸ್ವಿಚ್ಚಿನ ಮೇಲೆ ಕೈ ಇಟ್ಟು ಕೂತಿದ್ದೆ. ತಗೊಳ್ಳಿಕ್ಕೆ ನಾನೂ ತಯಾರಿದ್ದೆ. ನನಗೆ ಎಷ್ಟು ಕೊಡ್ತೀರಿ?"

ಗಣೇಶಪ್ರಸಾದರು ನಿಯಮಾವಳಿ ತಿರುವಿದರು. ಕೊಡಬಾರದೆಂದು ಎಲ್ಲಿಯೂ ಇರಲಿಲ್ಲ. ಒಂದು ಅರ್ಜಿಗೆ ಅವಳ ಸಹಿ ಹಾಕಿಸಿ ಮೇಲಕ್ಕೆ ಕಳುಹಿಸಿದರು. ಇಪ್ಪತ್ತು ದಿನಗಳಲ್ಲಿ ಪ್ರಕಟಣೆ ಹೊರಬಿತ್ತು.

"ಕರೆಂಟು ಪಡೆಯಲು ಸನ್ನದ್ಧರಾಗಿರುವ ಗ್ರಾಹಕರಿಗೆ ಮಾಸಿಕ ಇನ್ನೂರ ಹತ್ತು ರೂಪಾಯಿ ಸನ್ನದ್ಧತಾ ಭತ್ಯೆ ಮಂಜೂರಾಗಿದೆ. ಉಪಕರಣ ತುಂಬಿರತಕ್ಕದ್ದು, ಕೈ ಸ್ವಿಚ್ಚಿನ ಮೇಲಿರತಕ್ಕದ್ದು. ಸ್ವಿಚ್ಚು ಒತ್ತಿದವರು ಬಳಕೆದಾರರಾಗುವುದರಿಂದ ಅವರನ್ನು ಸನ್ನದ್ಧರೆಂದು ಪರಿಗಣಿಸಲಾಗದು. ಅರ್ಜಿ ಹಿಂದೆಗೆದುಕೊಳ್ಳುವವರು ಎರಡು ವರ್ಷದ ಸ್ಥಿರ ಶುಲ್ಕವನ್ನು ಒಮ್ಮೆಲೇ ಪಾವತಿಸತಕ್ಕದ್ದು."

ಪಂಕಜಾಕ್ಷಿ ಗೆದ್ದಿದ್ದಳು. ಎರಡು ವರ್ಷದ ಶುಲ್ಕ ಒಮ್ಮೆಲೇ ಕಟ್ಟುವ ತಾಕತ್ತು ಅವಳಿಗಿರಲಿಲ್ಲವಾದ್ದರಿಂದ ಸೋಲುವ ದಾರಿಯೂ ಇರಲಿಲ್ಲ. ಬೆಳಿಗ್ಗೆ ಅಕ್ಕಿ ತುಂಬಿಸಿ ಸ್ವಿಚ್ಚಿನ ಮೇಲೆ ಕೈ ಇಟ್ಟು ಕೂತಳು. ಸರಿಗೆಯಲ್ಲಿ ಕರೆಂಟು ಪುಷ್ಕಳವಾಗಿತ್ತು. ಸಂಜೆಗೆ ಅಕ್ಕಿಗೆ ಹುಳಿ ವಾಸನೆ ಬಂತು. ಅದನ್ನು ನೆರೆಮನೆಯ ಮನೋರಮಾಳ ದನಕ್ಕೆ ಸುರಿಯುವಾಗ ಅವಳಿಗೆ ಅಳು ಬಂತು. ಮರುದಿನವೂ ತುಂಬಿಸಿದಳು, ಮರುದಿನವೂ ಸುರಿದಳು. ದನ ಮಾತ್ರ ಮೈ ತುಂಬಿಕೊಂಡಿತು.

ಪರಿಶೀಲನೆಗೆ ಬಂದವನು ಕೂಸಪ್ಪನೇ. ಅದಕ್ಕಾಗಿ ನಾಲ್ಕನೆಯದೊಂದು ಬಿಳಿ ಟೊಪ್ಪಿ ಕೊಟ್ಟಿದ್ದರು.

"ಬೆರಳು ಸ್ವಲ್ಪ ಮೇಲೆ ಬರ್ಲಿ ಅಕ್ಕ. ಹಾಂ, ಈಗ ಸರಿ ಉಂಟು," ಎಂದು ಬರೆದುಕೊಂಡ.

ತಿಂಗಳ ಕೊನೆಗೆ ಭತ್ಯೆ ಬಂತು. ಅದು ಸ್ಥಿರ ಶುಲ್ಕಕ್ಕೆ ಹೊಂದಾಣಿಕೆಯಾಗಿ ಬಿಲ್ಲು ಸೊನ್ನೆಯಾಯಿತು. ಭತ್ಯೆಯ ನಿರ್ವಹಣೆಗೆಂದು ಇನ್ನೂರ ಹತ್ತು ರೂಪಾಯಿಯ ಇನ್ನೊಂದು ಸ್ಥಿರ ಶುಲ್ಕ ಸೇರಿತು. ಲೆಕ್ಕ ಎಷ್ಟು ನ್ಯಾಯವಾಗಿದೆಯೆಂದು ಊರವರು ಮೆಚ್ಚಿಕೊಂಡರು. ತಾನೇಕೆ ಬಿಡಬೇಕೆಂದು ಮನೋರಮಾ ಅರ್ಜಿ ಹಾಕಿದಳು, ಅವಳ ಹಿಂದೆ ಬೈಲಿನ ಮನೆಮನೆಯವರೂ ಹಾಕಿದರು. ಹೊಲಿಗೆ ಯಂತ್ರ, ಪಂಪು, ಇಸ್ತ್ರಿ ಪೆಟ್ಟಿಗೆ ಎಲ್ಲದರ ಸ್ವಿಚ್ಚಿನ ಮೇಲೂ ಒಂದೊಂದು ಕೈ ಬಂತು. ಯಾರೂ ಕರೆಂಟು ಬಳಸದಿದ್ದುದರಿಂದ ಯಾರಿಗೂ ಕರೆಂಟು ಹೋದ ದೂರು ಇರಲಿಲ್ಲ. ಮೂರೂ ಕಂಪೆನಿಗಳಿಗೆ ಉತ್ತಮ ಸೇವೆಯ ಫಲಕ ಸಿಕ್ಕಿತು.

ಒಂದು ಬೆಳಿಗ್ಗೆ ಪಂಕಜಾಕ್ಷಿಗೆ ಹಸಿವು ತಡೆಯಲಾಗಲಿಲ್ಲ. ಅಂದು ಪರಿಶೀಲನೆಗೆ ಬಂದಿದ್ದ ಕೂಸಪ್ಪನಿಗೂ ಅವಳ ಮುಖ ನೋಡಲಾಗಲಿಲ್ಲ. "ನೀವು ಹೋಗಿ ಎಂತಾದ್ರೂ ತಿಂದು ಬನ್ನಿ. ಕೈ ನಾನು ಇಡ್ತೇನೆ," ಎಂದು ಸ್ವಿಚ್ಚಿನ ಹತ್ತಿರ ಕೂತ.

ಪಿಯುಸನ ಹೋಟೆಲು ತುಂಬಿತ್ತು. ಬಾಳೆಲೆಗಳ ಮುಂದೆ ಜನ ಸಾಲಾಗಿ ಕೂತಿದ್ದರು. ಎಲೆಗಳ ಮೇಲೆ ಏನೂ ಇರಲಿಲ್ಲ.

"ಒಂದು ದೋಸೆ ಕೊಡು ಪಿಯುಸ್."

"ಹಿಟ್ಟು ಎಲ್ಲಿಂದ ಪಂಕಜಕ್ಕ? ಕೊಡ್ತಾ ಇದ್ದದ್ದು ನೀವೇ ಅಲ್ವಾ? ಆದ್ರೆ ಕಾವಲಿ ಬಿಸಿ ಉಂಟು, ಎಣ್ಣೆ ಸವರಿ ಇಟ್ಟಿದ್ದೇನೆ. ಕೂತ್ಕೊಳ್ಳಿ, ಇಪ್ಪತ್ತು ರೂಪಾಯಿ."

"ಚಟ್ನಿ?"

"ಕಾಯಿ ತುರಿದು ಮಿಕ್ಸಿಗೆ ಹಾಕಿ ಆಗಿದೆ. ಹೆಂಡ್ತಿ ಟ್ರೀಜಾ ಒಳಗೆ ಸ್ವಿಚ್ಚಿನ ಮೇಲೆ ಕೈ ಇಟ್ಟು ಕೂತಿದ್ದಾಳೆ."

ಪಂಕಜಾಕ್ಷಿ ಸುತ್ತ ನೋಡಿದಳು. ಯಾರ ಮುಖದಲ್ಲಿಯೂ ತಕರಾರು ಇರಲಿಲ್ಲ. ಪಕ್ಕದವನು ಎಲೆ ಮಡಚಿ ಎದ್ದು ಕೈ ತೊಳೆಯಲು ಹೋದ. ಅವಳು ಇಪ್ಪತ್ತು ರೂಪಾಯಿ ಎಣಿಸಿ ಕೊಟ್ಟು, ಎಲೆಗೆ ನೀರು ಚಿಮುಕಿಸಿ ಕೂತಳು. ಬೇರೆಯವರು ಕೂತಷ್ಟೇ ಹೊತ್ತು ಕೂತಳು.

ಏಳುವಾಗ ಪಿಯುಸ್ ಮರ್ಯಾದೆಗೆ ಕೇಳಿದ, "ಹೊಟ್ಟೆ ಎಂತ ಹೇಳ್ತದೆ ಅಕ್ಕ?"

"ತಯಾರುಂಟು ಮಾರಾಯ," ಎಂದಳು ಪಂಕಜಾಕ್ಷಿ. ಕೂಸಪ್ಪನ ಕೈ ಸೋತೀತೆಂದು ಬೇಗ ಬೇಗ ಬಸ್ಸಿನತ್ತ ನಡೆದಳು.