ಅತ್ತೆಯ ಬಾಯಲ್ಲೊಂದು 'ಅಬ್ಬಾ'

ಅರಳಸುರಳಿಯ ದುಗ್ಗಪ್ಪನಿಗೆ ದೇವರು ಏನು ಕಮ್ಮಿ ಮಾಡಿದ್ದ ಹೇಳಿ? ಓಡೋ ಲಗೇಜ್ ಆಟೋ ಇತ್ತು, ಬಯ್ಯೋ ಹೆಂಡತಿ ಇದ್ದಳು. ಎರಡೂ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿದ್ದವು. ಇಲ್ಲದ್ದು ಒಂದೇ, ಅತ್ತೆ ಕೆರಿಯಮ್ಮನ ಬಾಯಿಂದ ಒಂದು 'ಅಬ್ಬಾ'.

ಕೆರಿಯಮ್ಮ ನಗರದ ಕಡೆಯವರು. ಬೆರಗಾಗೋದು ಅವರ ಜಾಯಮಾನದಲ್ಲೇ ಇಲ್ಲ. ಅವರ ಹತ್ತಿರ ಇರೋದು ಒಂದೇ ಸರ್ಟಿಫಿಕೇಟು: "ಅಡ್ಡಿಲ್ಲ." ದುಗ್ಗಪ್ಪ ಡೀಸೆಲ್ ಸುಟ್ಟುಕೊಂಡು ಹೋಗಿ ತುಂಬಿ ಸುರಿಯೋ ಜೋಗ ತೋರಿಸಿದ. ಜನವೆಲ್ಲ ಬಾಯಿ ಬಿಟ್ಟುಕೊಂಡು ನಿಂತಿದ್ದರೆ ಅತ್ತೆ ಸೆರಗು ಹೊದ್ದು, "ನೀರು ಅಡ್ಡಿಲ್ಲ. ಎತ್ತರ ಸ್ವಲ್ಪ ಜಾಸ್ತಿ ಆಯ್ತು" ಅಂದರು. (ಜೋಗಕ್ಕೆ ಕೇಳಿಸಲಿಲ್ಲ, ಬಚಾವಾಯ್ತು.) ಅಳಿಯನ ವಿಚಾರಕ್ಕೆ ಬಂದರೆ ಆ 'ಅಡ್ಡಿಲ್ಲ'ದ ಮುಂದೆ ಒಂದು 'ಪಾಪ' ಬೇರೆ ಸೇರಿಕೊಳ್ಳುತ್ತಿತ್ತು.

ಈ ಸಲ ಅತ್ತೆ ಬಂದಿಳಿದ ಕೂಡಲೇ ದುಗ್ಗಪ್ಪ ಪಣ ತೊಟ್ಟ. ಮಂಗ ಓಡಿಸಿ ಓಡಿಸಿ ಅವನ ಕೈ ರಬ್ಬರ್ ಬಿಲ್ಲಿಗೆ ಚೆನ್ನಾಗಿ ಪಳಗಿತ್ತು. ಹಿತ್ತಲಲ್ಲಿ ಗುರಿ ಹೊಡೆಯೋ ಆಟ ಇಡೋದು, ಹಲಸಿನ ಮರಕ್ಕೆ ಕಬ್ಬಿಣದ ದೋಸೆ ಕಾವಲಿ ನೇತು ಹಾಕೋದು, ಒಂದೇ ಏಟಿಗೆ 'ಠಣ್' ಅನ್ನಿಸೋದು. ಆಗ ಅತ್ತೆ ಅಬ್ಬಾ ಅನ್ನದೆ ಎಲ್ಲಿಗೆ ಹೋಗ್ತಾರೆ!

ಹೆಂಡತಿ ಯಶೋಧಾ ಅಂಗನವಾಡಿ ಟೀಚರು. ಮನೆಯಲ್ಲೂ ಗಂಡನನ್ನು ಅದೇ ಲೆಕ್ಕದಲ್ಲೇ ನೋಡಿಕೊಳ್ಳುತ್ತಿದ್ದಳು.

"ಕಾವಲಿ ಬೇಡ ಕಣ್ರೀ. ಗೋಣಿಗೆ ಹುಲ್ಲು ತುಂಬಿ ಕೊಡ್ತೀನಿ, ಅದಕ್ಕೆ ಹೊಡೀರಿ."

"ಗೋಣಿ ಸದ್ದು ಮಾಡುತ್ತಾ? ನಿಮ್ಮವ್ವ ಎಂತ ಕೇಳಿ ಅಬ್ಬಾ ಅನ್ಬೇಕು?"

"ಹಂಗಾದ್ರೆ ಮಣ್ಣಿನ ಉಂಡೆ ಹೊಡೀರಿ. ತಾಗಿದ ಕೂಡ್ಲೆ ಪುಡಿ ಆಗುತ್ತೆ."

"ಆಟೋ ಬೇರಿಂಗಿನ ಗುಂಡು ಇಟ್ಕೊಂಡು ಮಣ್ಣು ಹೊಡೀಲಾ? ಮರ್ಯಾದೆ ಪ್ರಶ್ನೆ!"

"ಕಬ್ಬಿಣಕ್ಕೆ ಕಬ್ಬಿಣ ಹೊಡೆದ್ರೆ ವಾಪಸ್ ಬರುತ್ತೆ, ಹೇಳಿದೀನಿ."

"ಬಿಟ್ಟ ಕೂಡ್ಲೆ ವಾಪಸ್ ಓಡಿ ಬರಕ್ಕೆ ಅದೇನು ನಿನ್ನ ಅಂಗನವಾಡಿ ಮಗುವಾ?"

ಯಶೋಧಾ ಕಾವಲಿಯನ್ನು ಎದೆಗವಚಿಕೊಂಡಳು. "ಕಾವಲಿ ನಂದು. ಹೆಲ್ಮೆಟ್ ಹಾಕಿದ್ರೆ ಕೊಡ್ತೀನಿ, ಇಲ್ದಿದ್ರೆ ಇಲ್ಲ."

ಮನೆಯಲ್ಲಿದ್ದದ್ದು ಒಂದೇ ಹೆಲ್ಮೆಟ್ಟು, ಅವಳ ಸ್ಕೂಟಿದು. ಗುಲಾಬಿ ಬಣ್ಣ, ಹಣೆಯ ಮೇಲೆ ಒಂದು ಹಳದಿ ಚಿಟ್ಟೆ. ಮಹಾವೀರ ದುಗ್ಗಪ್ಪ ಅದನ್ನೇ ಕಿರೀಟಧಾರಣೆ ಮಾಡಿಕೊಂಡ.

ಯಶೋಧಾ ಅಷ್ಟಕ್ಕೇ ಬಿಡಲಿಲ್ಲ. ಕೋಳಿಗಳನ್ನು ಗೂಡಿಗೆ ಹಾಕಿದಳು, ನಾಯಿ ಕಟ್ಟಿದಳು, ಮರದ ಹಿಂದೆ ಹೋಗಿ ಯಾರಾದರೂ ಸೊಪ್ಪು ಕುಯ್ಯುತ್ತಿದ್ದಾರಾ ಅಂತ ಕೂಗಿ ನೋಡಿ ಬಂದಳು. ಅವ್ವನನ್ನೂ ಪಕ್ಕದ ಮನೆ ಹೂವಮ್ಮನನ್ನೂ ಅಡುಗೆಮನೆ ಕಿಟಕಿಯ ಜಾಲರಿ ಹಿಂದೆ ನಿಲ್ಲಿಸಿ ತಾನೂ ಒಳಗೆ ನಿಂತಳು. "ಒಂದು ಗುರಿಗೆ ಇಷ್ಟು ಪಂಚಾಂಗ ನೋಡ್ಬೇಕಾ!" ಅಂತ ದುಗ್ಗಪ್ಪ ಗೊಣಗಿದ.

ಆಮೇಲೆ ರಬ್ಬರನ್ನು ಕಿವಿವರೆಗೆ ಎಳೆದ. ಹಿತ್ತಲಿಗೆ ಹಿತ್ತಲೇ ಉಸಿರು ಹಿಡಿಯಿತು. ಬಿಟ್ಟ.

ಠಣ್!

ಅದೆಂಥಾ ಸದ್ದು ಅಂತೀರಿ! ಎದುರು ಗುಡ್ಡ ಅದನ್ನು ಇನ್ನೊಂದು ಸಲ ಹೇಳಿತು. ಕಾಗೆಗಳೆಲ್ಲ ಎದ್ದವು. ದುಗ್ಗಪ್ಪನಿಗೇ ಮೈ ಜುಮ್ಮೆಂದಿತು. ಇದು ನನ್ನ ಕೈಯಿಂದಲೇ ಬಂದದ್ದಾ ಅಂತ ಕೈ ನೋಡಿಕೊಳ್ಳುವಷ್ಟರಲ್ಲಿ, ಟಪ್! ಹಣೆಗೆ ಏನೋ ಬಡಿದು, ಕೂತೇಬಿಟ್ಟ.

ಜಾಲರಿ ಹಿಂದಿನಿಂದ ಕೇಳಿಸಿತು: "ಅಬ್ಬಬ್ಬಬ್ಬಾ!"

ಅಂದೇಬಿಟ್ಟರಲ್ಲ! ನೆಲದ ಮೇಲೆ ಕೂತಲ್ಲೇ ದುಗ್ಗಪ್ಪನ ಕಣ್ಣು ತುಂಬಿ ಬಂತು.

ಯಶೋಧಾ ಓಡಿ ಬಂದು ಹೆಲ್ಮೆಟ್ ಬಿಚ್ಚಿದಳು, ಹಣೆ ತಡವಿದಳು. ಒಂದು ಗೀರೂ ಇಲ್ಲ. ಹೆಲ್ಮೆಟ್ಟಿನ ಚಿಟ್ಟೆ ಮಾತ್ರ ನಡುವಿನಲ್ಲಿ ಗುಳಿ ಬಿದ್ದು ಸೀಳಿಹೋಗಿತ್ತು. ಅವಳು ಅದನ್ನು ತಿರುಗಿಸಿ ಗಂಡನ ಮುಖದ ಮುಂದೆ ಹಿಡಿದಳು. ಆ ಗುಳಿ ನೋಡಿ ದುಗ್ಗಪ್ಪನ ಜೀವ ಝಲ್ಲೆಂದಿತು. ಇದೇ ಜಾಗದಲ್ಲಿ ಬರೀ ಹಣೆ ಇದ್ದಿದ್ದರೆ? "ಇನ್ಮೇಲೆ ಗೋಣಿನೇ ಕಣೆ" ಅಂದ ಸಣ್ಣ ದನಿಯಲ್ಲಿ.

ಅಷ್ಟರಲ್ಲಿ ಕೆರಿಯಮ್ಮ ಬಂದು ಹೆಲ್ಮೆಟ್ ಎತ್ತಿಕೊಂಡು ಗುಳಿಗೆ ಬೆರಳಿಟ್ಟರು. ಜೋಗಕ್ಕೂ ಅರಳದ ಕಣ್ಣು ಅರಳಿತ್ತು.

"ಎಂಥಾ ಗುರಿ ಮಾರಾಯ್ತಿ! ನನ್ನ ಜನ್ಮದಲ್ಲಿ ಇಂಥಾ ಗುರಿ ಕಂಡಿರ್ಲಿಲ್ಲ!"

"ಎಲ್ಲ ಅಭ್ಯಾಸ ಅತ್ತೆ" ಅಂತ ದುಗ್ಗಪ್ಪ ನಾಚಿಕೊಂಡ.

ಅತ್ತೆ ಅವನ ಕಡೆ ನೋಡುತ್ತಲೇ ಇರಲಿಲ್ಲ. ಹಲಸಿನ ಮರದಲ್ಲಿ ಇನ್ನೂ ತೂಗಾಡುತ್ತಿದ್ದ ಕಾವಲಿಯನ್ನೇ ನೋಡುತ್ತಿದ್ದರು, ಕೈ ಮುಗಿಯುವುದೊಂದು ಬಾಕಿ.

"ಅಷ್ಟು ದೂರದಿಂದ ಸರಿಯಾಗಿ ಚಿಟ್ಟೆ ನಡುವಿಗೇ ಹೊಡೀತಲ್ಲೇ ಯಶೋಧಾ, ನಿನ್ನ ಕಾವಲಿ!"

ದುಗ್ಗಪ್ಪ ನಡುವೆ ಬಾಯಿ ಹಾಕಿದ. "ಮತ್ತೆ... ನಾನು ಹೊಡೆದಿದ್ದು ಅತ್ತೆ?"

"ನಿಮ್ದಾ?" ಕೆರಿಯಮ್ಮ ತಿರುಗಿ ನೋಡಿ ಸೆರಗು ಸರಿಮಾಡಿಕೊಂಡರು. "ಪಾಪ, ಅಡ್ಡಿಲ್ಲ."